ಮೂರು ರಾತ್ರಿ ಮ್ಯಾಂಚೆಸ್ಟರ್, ಕಡಿಮೆ ಖರ್ಚಿನಲ್ಲಿ: ಗಿರಣಿ, ಕಾಲುವೆ, ರೈಲು ನೋಡುವುದು ಹೇಗೆ?

ಗದಗ_ಅರಳಿ
ಮೇ ತಿಂಗಳದಾಗ ಇಬ್ಬರು ಲಂಡನ್‌ನಿಂದ ಮ್ಯಾಂಚೆಸ್ಟರ್‌ಗೆ ಹೊಂಟೀವಿ. ಮೂರು ರಾತ್ರಿ ಇರ್ತೀವಿ, ಇಬ್ಬರೂ ಶಾಕಾಹಾರಿ. ರೈಲು, ವಸ್ತಿ, ಊಟ, ಓಡಾಟ ಎಲ್ಲಾ ಸೇರಿ ಇಬ್ಬರಿಗೆ 350 ಪೌಂಡ್ ದಾಟಬಾರದು. ಫುಟ್‌ಬಾಲ್ ಸ್ಟೇಡಿಯಂ ಬ್ಯಾಡ, ಶಾಪಿಂಗ್ ಬ್ಯಾಡ. ಹತ್ತಿ ಗಿರಣಿ, ಕಾಲುವಿ, ಹಳೇ ರೈಲು, ಕಾರ್ಮಿಕರ ಚಳವಳಿ ಇಷ್ಟು ಸರಿಯಾಗಿ ನೋಡಬೇಕು. ಯಾವ ದಿನ ಯಾವುದು ನೋಡೋದು, ರೊಕ್ಕ ಎಲ್ಲಿ ಸೋರತದ, ತಿಳಿದವರು ಬಿಡಿಸಿ ಹೇಳ್ರಿ.

ಹಳಿ_ಹಾದಿ
ಮೊದಲು ರೈಲಿನ ವಿಷಯ ಮುಗಿಸೋಣ. ಹೆಚ್ಚು ದುಡ್ಡು ಹೋಗುವುದು ಇಲ್ಲೇ. ಲಂಡನ್ ಯೂಸ್ಟನ್‌ನಿಂದ ಮ್ಯಾಂಚೆಸ್ಟರ್ ಪಿಕಡಿಲಿಗೆ ನೇರ ರೈಲಿನಲ್ಲಿ ಎರಡು ಗಂಟೆ ಹತ್ತು ನಿಮಿಷದ ಆಸುಪಾಸು. ವಾರದ ದಿನ ಬೆಳಗ್ಗೆ ನಿಲ್ದಾಣಕ್ಕೆ ಹೋಗಿ ಟಿಕೆಟ್ ಕೇಳಿದರೆ ಒಬ್ಬರಿಗೆ ಒಂದು ದಿಕ್ಕಿಗೇ ನೂರು ಪೌಂಡ್ ದಾಟುತ್ತದೆ. ಅದೇ ಅಡ್ವಾನ್ಸ್ ಟಿಕೆಟ್ ಆದರೆ ಅದರ ಕಾಲು ಭಾಗಕ್ಕೂ ಸಿಗುವುದುಂಟು. ಇವು ಸುಮಾರು ಹನ್ನೆರಡು ವಾರ ಮೊದಲು ಮಾರಾಟಕ್ಕೆ ಬರುತ್ತವೆ. ಅಗ್ಗದ ಸೀಟುಗಳ ಸಂಖ್ಯೆ ಮಿತ, ಅವು ತುಂಬಿದಂತೆ ದರ ಮೆಟ್ಟಿಲು ಹತ್ತುತ್ತದೆ.

ಅಡ್ವಾನ್ಸ್ ಟಿಕೆಟ್ ಆ ಒಂದು ರೈಲಿಗೆ ಮಾತ್ರ ಸಲ್ಲುತ್ತದೆ. ನಿಮ್ಮ ತಪ್ಪಿನಿಂದ ರೈಲು ತಪ್ಪಿದರೆ ಹೊಸ ಟಿಕೆಟ್. ಮಧ್ಯದ ಊರಿನಲ್ಲಿ ಇಳಿದು ಸುತ್ತಾಡಿ ಮುಂದೆ ಹೋಗುವಂತೆಯೂ ಇಲ್ಲ.

ಇಬ್ಬರು ಇರುವುದರಿಂದ ಟು ಟುಗೆದರ್ ರೈಲ್‌ಕಾರ್ಡ್ ಲೆಕ್ಕ ಹಾಕಿ ನೋಡಿ. 2025ರಲ್ಲಿ ಅದರ ಬೆಲೆ 35 ಪೌಂಡ್. ಇಬ್ಬರೂ ಜೊತೆಯಲ್ಲೇ ಪ್ರಯಾಣಿಸಿದರೆ ಮೂರನೇ ಒಂದು ಭಾಗ ರಿಯಾಯಿತಿ. ಅಂದರೆ ಇಡೀ ಇಂಗ್ಲೆಂಡ್ ಪ್ರವಾಸದಲ್ಲಿ ಇಬ್ಬರ ರೈಲು ಖರ್ಚು ಒಟ್ಟು 105 ಪೌಂಡ್ ಮೀರಿದರೆ ಕಾರ್ಡಿನ ಹಣ ವಾಪಸ್ ಬಂತು, ಅದಕ್ಕಿಂತ ಕಡಿಮೆಯಾದರೆ ಕೊಳ್ಳಬೇಡಿ. ಸೋಮವಾರದಿಂದ ಶುಕ್ರವಾರದವರೆಗೆ ಬೆಳಗ್ಗೆ 9.30ಕ್ಕಿಂತ ಮುಂಚಿನ ರೈಲುಗಳಿಗೆ ಅದು ನಡೆಯುವುದಿಲ್ಲ.

ಟಿಕೆಟ್ಟನ್ನು ರೈಲು ಕಂಪನಿಯ ಸ್ವಂತ ತಾಣದಲ್ಲೇ ತೆಗೆಯಿರಿ. ಹಲವು ಮಧ್ಯವರ್ತಿ ಆ್ಯಪ್‌ಗಳು ಅದೇ ಟಿಕೆಟ್‌ಗೆ ಬುಕಿಂಗ್ ಶುಲ್ಕ ಸೇರಿಸುತ್ತವೆ.

ಹೊಲದ_ಬದು
ದರ ಏರಿ ಹೋಗಿದ್ದರೆ ಬಸ್ಸಿದೆ. ಲಂಡನ್ ವಿಕ್ಟೋರಿಯಾ ಕೋಚ್ ಸ್ಟೇಷನ್ನಿನಿಂದ ನ್ಯಾಷನಲ್ ಎಕ್ಸ್‌ಪ್ರೆಸ್ ಹೊರಟು ಚೋರ್ಲ್ಟನ್ ಸ್ಟ್ರೀಟ್ ನಿಲ್ದಾಣಕ್ಕೆ ಬರುತ್ತದೆ. ಐದು ಗಂಟೆ ಹಿಡಿಯಿರಿ. ರೈಲಿಗೂ ಬಸ್ಸಿಗೂ ನಡುವಿನ ದಾರಿ ಒಂದಿದೆ: ಯೂಸ್ಟನ್‌ನಿಂದ ಲಂಡನ್ ನಾರ್ತ್‌ವೆಸ್ಟರ್ನ್ ಕಂಪನಿಯ ನಿಧಾನ ರೈಲು ಹಿಡಿದು ಕ್ರೂ ಜಂಕ್ಷನ್ನಿನಲ್ಲಿ ಬದಲಿಸಿ ಹೋಗುವುದು. ಮೂರೂವರೆ ಗಂಟೆಯ ಮೇಲಾಗುತ್ತದೆ, ಆದರೆ ಕೊನೆಯ ವಾರದಲ್ಲೂ ಒಮ್ಮೊಮ್ಮೆ ಅಗ್ಗದ ಟಿಕೆಟ್ ಉಳಿದಿರುತ್ತದೆ.

ಮೇ ತಿಂಗಳ ಮೊದಲ ಸೋಮವಾರ, ಕೊನೆಯ ಸೋಮವಾರ ಎರಡೂ ಅಲ್ಲಿ ಸಾರ್ವಜನಿಕ ರಜೆ. ಹಳಿ ದುರಸ್ತಿಗೆ ರೈಲ್ವೆಯವರು ಆರಿಸಿಕೊಳ್ಳುವುದು ಇಂಥ ವಾರಾಂತ್ಯಗಳನ್ನೇ, ಆಗ ಅರ್ಧ ದಾರಿಯನ್ನು ಬಸ್ಸಿನಲ್ಲಿ ಸಾಗಿಸುವುದೂ ಉಂಟು. ಆ ಎರಡು ವಾರಾಂತ್ಯ ಬಿಟ್ಟು ದಿನ ಆರಿಸಿ.

ಕಾಲುವೆ_ದಂಡೆ
ವಸತಿ ಬಗ್ಗೆ. ಮ್ಯಾಂಚೆಸ್ಟರ್‌ನಲ್ಲಿ ಕೋಣೆಯ ಬೆಲೆಯನ್ನು ತೀರ್ಮಾನಿಸುವುದು ಹೋಟೆಲ್ಲಿನ ದರ್ಜೆಗಿಂತ ಹೆಚ್ಚಾಗಿ ಆ ದಿನದ ಪಂದ್ಯ ಮತ್ತು ಸಂಗೀತ ಕಾರ್ಯಕ್ರಮ. ಯುನೈಟೆಡ್, ಸಿಟಿ ಎರಡೂ ಫುಟ್‌ಬಾಲ್ ತಂಡಗಳ ಪಂದ್ಯಪಟ್ಟಿ, ಎಒ ಅರೀನಾ ಮತ್ತು ಕೋ-ಆಪ್ ಲೈವ್ ಎಂಬ ಎರಡು ದೊಡ್ಡ ಸಭಾಂಗಣಗಳ ದಿನಪಟ್ಟಿ ನೋಡದೆ ಕೋಣೆ ಕಾಯ್ದಿರಿಸಬೇಡಿ. ಶುಕ್ರವಾರ, ಶನಿವಾರ ರಾತ್ರಿ ಸಾಮಾನ್ಯವಾಗಿ ಅತಿ ದುಬಾರಿ, ಭಾನುವಾರ ರಾತ್ರಿ ಅತಿ ಅಗ್ಗ.

ನಿಮ್ಮ ಆಸಕ್ತಿಗೆ ಸರಿಹೊಂದುವುದು ಕ್ಯಾಸಲ್‌ಫೀಲ್ಡ್‌ನ ಪೊಟೇಟೊ ವಾರ್ಫ್‌ನಲ್ಲಿರುವ ವೈಎಚ್‌ಎ ಹಾಸ್ಟೆಲ್. ಕಾಲುವೆಯ ಪಕ್ಕದಲ್ಲೇ ಇದೆ, ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ ಅಲ್ಲಿಂದ ಐದಾರು ನಿಮಿಷದ ನಡಿಗೆ. ಖಾಸಗಿ ಕೋಣೆಗಳೂ ಇವೆ, ಅಡುಗೆ ಮಾಡಿಕೊಳ್ಳಲು ಅಡುಗೆಮನೆಯೂ ಇದೆ. ಶಾಕಾಹಾರಿಗಳಿಗೆ ಆ ಅಡುಗೆಮನೆಯಿಂದ ಉಳಿಯುವ ಹಣ ಸಣ್ಣದಲ್ಲ. ಅದು ತುಂಬಿದ್ದರೆ ಸ್ಯಾಲ್‌ಫರ್ಡ್ ಕಡೆಯ ಬಜೆಟ್ ಹೋಟೆಲ್‌ಗಳನ್ನು ನೋಡಿ.

ಬಿಲ್ಲಿನಲ್ಲಿ ಒಂದು ಸಣ್ಣ ಸಾಲು ಕಂಡರೆ ಗಾಬರಿಯಾಗಬೇಡಿ. ಏಪ್ರಿಲ್ 2023ರಿಂದ ನಗರದ ನಡುಭಾಗದ ಅನೇಕ ಹೋಟೆಲ್‌ಗಳಲ್ಲಿ ಒಂದು ಕೋಣೆಗೆ ರಾತ್ರಿಗೆ ಇಷ್ಟೆಂದು (ಶುರುವಾದಾಗ 1 ಪೌಂಡ್ ಮತ್ತು ಅದರ ಮೇಲೆ ತೆರಿಗೆ) ಸಂದರ್ಶಕರ ಶುಲ್ಕ ತೆಗೆದುಕೊಳ್ಳುತ್ತಾರೆ.

ನೂಲಿನ_ಎಳೆ
ಇಲ್ಲೊಂದು ತೊಡಕಿದೆ. ಕೋಣೆ ಅಗ್ಗ ಅಂತ ಭಾನುವಾರದಿಂದ ಬುಧವಾರದವರೆಗೆ ಹೋದವರು ಸೋಮವಾರ ಬೆಳಗ್ಗೆ ಮುಚ್ಚಿದ ಬಾಗಿಲುಗಳ ಮುಂದೆ ನಿಲ್ಲುತ್ತಾರೆ. ಆರ್ಟ್ ಗ್ಯಾಲರಿ, ವಿಟ್‌ವರ್ತ್ ಗ್ಯಾಲರಿ ಎರಡಕ್ಕೂ ಸೋಮವಾರ ರಜೆ. ಜಾನ್ ರೈಲ್ಯಾಂಡ್ಸ್ ಗ್ರಂಥಾಲಯ ವಾರದ ಮೊದಲ ದಿನಗಳಲ್ಲಿ ತೆರೆಯುವುದಿಲ್ಲ. ಜನತಾ ಇತಿಹಾಸ ಮ್ಯೂಸಿಯಂಗೆ (ಪೀಪಲ್ಸ್ ಹಿಸ್ಟರಿ ಮ್ಯೂಸಿಯಂ) ಮಂಗಳವಾರ ರಜೆ. ಆದರೂ ಭಾನುವಾರದಿಂದ ಬುಧವಾರವೇ ಒಳ್ಳೆಯದು, ಕ್ರಮ ಮಾತ್ರ ಹೀಗಿರಲಿ.

ಭಾನುವಾರ ಮಧ್ಯಾಹ್ನ ಇಳಿದ ಕೂಡಲೇ ಆಕ್ಸ್‌ಫರ್ಡ್ ರಸ್ತೆ: ಮ್ಯಾಂಚೆಸ್ಟರ್ ಮ್ಯೂಸಿಯಂ ಮತ್ತು ವಿಟ್‌ವರ್ತ್. ಸೋಮವಾರ ವಿಜ್ಞಾನ ಮತ್ತು ಕೈಗಾರಿಕಾ ಮ್ಯೂಸಿಯಂ, ಕಾಲುವೆಯ ನಡಿಗೆ, ಹಳೆಯ ಗಿರಣಿಗಳಿರುವ ಆನ್‌ಕೋಟ್ಸ್. ಮಂಗಳವಾರ ಊರ ಹೊರಗೆ ಅರ್ಧ ದಿನ, ಹಿಂದಿರುಗಿ ಆರ್ಟ್ ಗ್ಯಾಲರಿ. ಬುಧವಾರ ರೈಲ್ಯಾಂಡ್ಸ್, ಜನತಾ ಇತಿಹಾಸ ಮ್ಯೂಸಿಯಂ, ಸಂಜೆ ರೈಲು. ಮೇಲೆ ಹೇಳಿದ ಮ್ಯೂಸಿಯಂ, ಗ್ಯಾಲರಿಗಳಿಗೆಲ್ಲ ಪ್ರವೇಶ ಉಚಿತ. ಹೊರಡುವ ವಾರ ಒಂದೊಂದರ ದಿನವನ್ನೂ ಅವರವರ ತಾಣದಲ್ಲಿ ಮತ್ತೊಮ್ಮೆ ನೋಡಿ. ರಜೆಯ ದಿನ ಬದಲಾಗುತ್ತಿರುತ್ತದೆ.

ಮ್ಯಾಂಚೆಸ್ಟರ್ ಮ್ಯೂಸಿಯಂ ಅನ್ನು ಬಿಡಬೇಡಿ. ಫೆಬ್ರವರಿ 2023ರಲ್ಲಿ ಮತ್ತೆ ತೆರೆದಾಗ ಬ್ರಿಟಿಷ್ ಮ್ಯೂಸಿಯಂ ಜೊತೆ ಸೇರಿ ದಕ್ಷಿಣ ಏಷ್ಯಾ ಗ್ಯಾಲರಿ ಮಾಡಿದರು. ಅಲ್ಲಿ ನೆಲೆಸಿದ ದಕ್ಷಿಣ ಏಷ್ಯಾ ಮೂಲದವರೇ ಕೂತು ಯಾವ ವಸ್ತು ಇಡಬೇಕು, ಏನು ಹೇಳಬೇಕು ಎಂದು ರೂಪಿಸಿದ ಗ್ಯಾಲರಿ ಅದು.

ಮೂರು_ಸಂಜೆ
ನ್ಯಾಷನಲ್ ಫುಟ್‌ಬಾಲ್ ಮ್ಯೂಸಿಯಂ ಕೂಡ ಉಚಿತ, ಮಳೆ ಬಂದರೆ ಒಳಗೆ ಕಾಲ ಕಳೆಯಬಹುದು.

ನೂಲಿನ_ಎಳೆ
ಅದು ಹಿಂದಿನ ಮಾತು. 2019ರಿಂದ ಹೊರಗಿನವರಿಗೆ ಟಿಕೆಟ್ ಇದೆ. ಮಳೆ ಬಂದರೆ ಸೇಂಟ್ ಪೀಟರ್ಸ್ ಸ್ಕ್ವೇರ್‌ನ ಸೆಂಟ್ರಲ್ ಲೈಬ್ರರಿಗೆ ಹೋಗಿ. 1934ರ ದುಂಡು ಕಟ್ಟಡ, ಉಚಿತ ವೈಫೈ, ಶೌಚಾಲಯ, ಕೂರಲು ಜಾಗ. ಭಾನುವಾರ ಮಾತ್ರ ಮುಚ್ಚಿರುತ್ತದೆ. ಪಕ್ಕದ ಟೌನ್ ಹಾಲ್ ದುರಸ್ತಿಗಾಗಿ 2018ರಲ್ಲಿ ಮುಚ್ಚಿದ್ದು. ಒಳಗೆ ಹೋಗಬಹುದೇ ಎಂದು ನೋಡಿಕೊಂಡೇ ಅದನ್ನು ಪಟ್ಟಿಗೆ ಸೇರಿಸಿ.

ಬುತ್ತಿ_ಗಂಟು
ಓಡಾಟ: ಬಸ್ಸು, ಟ್ರಾಮ್ ಎರಡೂ ಈಗ ಬೀ ನೆಟ್‌ವರ್ಕ್ ಎಂಬ ಒಂದೇ ಹೆಸರಿನಡಿ ಹಳದಿ ಬಣ್ಣದಲ್ಲಿ ಓಡುತ್ತವೆ. 2025ರ ದರ ಹೇಳುತ್ತೇನೆ: ಬಸ್ಸಿಗೆ 2 ಪೌಂಡ್. ಆ ಟಿಕೆಟ್‌ನಲ್ಲಿ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಸರಿ. ಇಡೀ ದಿನದ ಬಸ್ ಟಿಕೆಟ್ 5 ಪೌಂಡ್. ಅಂದರೆ ಎರಡು ಸಲ ಹತ್ತುವುದಾದರೆ ಬಿಡಿ ಟಿಕೆಟ್, ಮೂರು ಸಲವಾದರೆ ದಿನದ ಟಿಕೆಟ್. ಕಾಂಟ್ಯಾಕ್ಟ್‌ಲೆಸ್ ಕಾರ್ಡ್ ತೋರಿಸಿದರೆ ಈ ಲೆಕ್ಕವನ್ನು ಯಂತ್ರವೇ ಮಾಡಿ ದಿನದ ಮಿತಿಗೆ ನಿಲ್ಲಿಸುತ್ತದೆ.

ತಪ್ಪಾಗುವುದು ಎರಡು ಕಡೆ. ಒಂದು, ಬಸ್ಸಿನಲ್ಲಿ ಹತ್ತುವಾಗ ಮಾತ್ರ ಕಾರ್ಡ್ ಮುಟ್ಟಿಸಬೇಕು, ಟ್ರಾಮಿಗೆ ಹತ್ತುವ ಮೊದಲು ಪ್ಲಾಟ್‌ಫಾರ್ಮ್‌ನಲ್ಲೂ ಇಳಿದ ಮೇಲೆ ಅಲ್ಲೂ, ಎರಡು ಸಲ ಮುಟ್ಟಿಸಬೇಕು. ಟ್ರಾಮ್ ನಿಲ್ದಾಣಗಳಲ್ಲಿ ಗೇಟು ಇಲ್ಲದ ಕಾರಣ ಇಳಿದವರು ಮರೆತು ನಡೆದುಬಿಡುತ್ತಾರೆ, ಆಗ ಹೆಚ್ಚಿನ ದರ ಬೀಳುತ್ತದೆ. ಎರಡು, ಬೆಳಗ್ಗೆ ಕಾರ್ಡ್, ಸಂಜೆ ಅದೇ ಕಾರ್ಡನ್ನು ಫೋನಿನಲ್ಲಿ ಮುಟ್ಟಿಸಿದರೆ ಯಂತ್ರದ ಪಾಲಿಗೆ ಅವು ಇಬ್ಬರು ಬೇರೆ ಪ್ರಯಾಣಿಕರು, ಮಿತಿ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರಿಗೂ ಬೇರೆ ಬೇರೆ ಕಾರ್ಡ್ ಇರಲಿ, ದಿನವಿಡೀ ಅದನ್ನೇ ಬಳಸಿ.

ನಗರದ ನಡುಭಾಗದಲ್ಲಿ ಉಚಿತ ಬಸ್ಸೂ ಸುತ್ತುತ್ತದೆ, ಸಾಮಾನು ಇದ್ದಾಗ ಅನುಕೂಲ. ಉಳಿದಂತೆ ಪಿಕಡಿಲಿಯಿಂದ ಕ್ಯಾಸಲ್‌ಫೀಲ್ಡ್‌ಗೆ 25 ನಿಮಿಷದ ನಡಿಗೆ ಅಷ್ಟೇ. ವಿಮಾನದಲ್ಲೇ ಮ್ಯಾಂಚೆಸ್ಟರ್‌ಗೆ ಬರುವವರು ಇದನ್ನು ಓದುತ್ತಿದ್ದರೆ: 43ನೇ ನಂಬರ್ ಬಸ್ ವಿಮಾನ ನಿಲ್ದಾಣದಿಂದ ಹಗಲು ರಾತ್ರಿ ಇದೆ. ರಷೋಮ್, ಆಕ್ಸ್‌ಫರ್ಡ್ ರಸ್ತೆ ಹಾದು ಪಿಕಡಿಲಿ ಸೇರಲು ಒಂದು ಗಂಟೆ.

ಕಾಲುವೆ_ದಂಡೆ
ಸೋಮವಾರದ ದಾರಿ ಹೇಳುತ್ತೇನೆ, ಈ ಊರಿನ ತಿರುಳೇ ಇದು. ಕ್ಯಾಸಲ್‌ಫೀಲ್ಡ್‌ನಲ್ಲಿ ಶುರುಮಾಡಿ. 1761ರಲ್ಲಿ ತೆರೆದ ಬ್ರಿಡ್ಜ್‌ವಾಟರ್ ಕಾಲುವೆ ಮುಂದೆ ಬಂದು ಮುಗಿದದ್ದು ಇಲ್ಲಿ. ವರ್ಸ್ಲಿಯ ತನ್ನ ಗಣಿಯಿಂದ ಕಲ್ಲಿದ್ದಲು ತರಲು ಬ್ರಿಡ್ಜ್‌ವಾಟರ್ ಡ್ಯೂಕ್ ತೋಡಿಸಿದ ಕಾಲುವೆ. ಇದರಿಂದ ನಗರದಲ್ಲಿ ಕಲ್ಲಿದ್ದಲಿನ ಬೆಲೆ ಅರ್ಧಕ್ಕಿಳಿಯಿತು. ಆ ಅಗ್ಗದ ಕಲ್ಲಿದ್ದಲೇ ಮುಂದೆ ಉಗಿಯಂತ್ರದ ಗಿರಣಿಗಳನ್ನು ಊರೊಳಗೆ ಕರೆತಂದದ್ದು.

ಅಲ್ಲಿಂದ ಲಿವರ್‌ಪೂಲ್ ರಸ್ತೆಗೆ ಹತ್ತಿ. ಸೆಪ್ಟೆಂಬರ್ 15, 1830ರಂದು ಶುರುವಾದ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲಿನ ನಿಲ್ದಾಣ ಮ್ಯೂಸಿಯಂನ ಆವರಣದಲ್ಲೇ ಇದೆ. ಹಳಿ ಬೀದಿಗಿಂತ ಒಂದು ಅಂತಸ್ತು ಮೇಲಿದೆ, ಪ್ರಯಾಣಿಕರು ಬೀದಿಯಿಂದ ಒಳಗೆ ಬಂದು ಮೆಟ್ಟಿಲು ಹತ್ತಿ ರೈಲು ಸೇರುತ್ತಿದ್ದರು. ಮೊದಲ ದರ್ಜೆಗೂ ಎರಡನೇ ದರ್ಜೆಗೂ ಬಾಗಿಲು ಬೇರೆ. ಎದುರಿನ 1830ರ ಗೋದಾಮಿನ ಮೇಲಂತಸ್ತಿಗೆ ಸರಕಿನ ಗಾಡಿಗಳು ನೇರ ಒಳಗೆ ಹೋಗುತ್ತಿದ್ದವು. ಕೆಲವು ಕಟ್ಟಡಗಳು ದುರಸ್ತಿಗೆ ಮುಚ್ಚಿರಬಹುದು, ಹೊರಗಿನಿಂದಲೂ ಈ ಏರ್ಪಾಟು ಅರ್ಥವಾಗುತ್ತದೆ.

ನೂಲಿನ_ಎಳೆ
ಮ್ಯೂಸಿಯಂ ಒಳಗೆ ಹೋದ ತಕ್ಷಣ ಜವಳಿ ಯಂತ್ರಗಳ ಪ್ರಾತ್ಯಕ್ಷಿಕೆ ಎಷ್ಟು ಹೊತ್ತಿಗೆ ಎಂದು ಕೇಳಿ, ಉಳಿದದ್ದನ್ನು ಅದರ ಸುತ್ತ ಹೊಂದಿಸಿಕೊಳ್ಳಿ. ಯಂತ್ರ ನಿಂತಿದ್ದಾಗ ನೋಡಿದರೆ ಕಬ್ಬಿಣದ ಚೌಕಟ್ಟು ಅಷ್ಟೇ.

ಹಿಂಜುವ ಯಂತ್ರದಲ್ಲಿ ಅರಳೆ ತೆಳುವಾದ ಪರದೆಯಂತೆ ಹೊರಬಂದು ಒಟ್ಟುಗೂಡಿ ಬೆರಳು ದಪ್ಪದ ಸಡಿಲ ಹಂಜಿಯಾಗುತ್ತದೆ. ಬೋಲ್ಟನ್‌ನ ಸ್ಯಾಮ್ಯುಯೆಲ್ ಕ್ರಾಂಪ್ಟನ್ 1779ರಲ್ಲಿ ಮಾಡಿದ ಮ್ಯೂಲ್ ಎಂಬ ಯಂತ್ರದಲ್ಲಿ ಕದಿರುಗಳ ಇಡೀ ಸಾಲೇ ಗಾಲಿಗಳ ಮೇಲೆ ಹಿಂದಕ್ಕೆ ಸರಿಯುತ್ತದೆ. ಸರಿಯುವಾಗ ಎಳೆಯನ್ನು ಜಗ್ಗಿ ಹುರಿ ಹಾಕುತ್ತದೆ, ಮರಳುವಾಗ ಹುರಿಯಾದ ನೂಲನ್ನು ಸುತ್ತಿಕೊಳ್ಳುತ್ತದೆ. ಆ ಚೌಕಟ್ಟಿನ ಕೆಳಗಿನ ಸಂದಿಯನ್ನು ಬಗ್ಗಿ ನೋಡಿ. ಬಿದ್ದ ಹತ್ತಿ ಗುಡಿಸಲು, ಯಂತ್ರ ಓಡುತ್ತಿರುವಾಗಲೇ ಮಕ್ಕಳು ತೆವಳುತ್ತಿದ್ದ ಜಾಗ ಅದು. ಮಗ್ಗ ಒಂದೇ ಒಂದು ಓಡಿದರೂ ಪಕ್ಕದವರ ಮಾತು ಕೇಳಿಸುವುದಿಲ್ಲ. ನೂರಾರು ಮಗ್ಗಗಳ ನಡುವೆ ದುಡಿದ ನೇಕಾರ ಹೆಂಗಸರು ತುಟಿ ಓದಿ ಮಾತಾಡುವುದನ್ನು ರೂಢಿಸಿಕೊಂಡಿದ್ದರು. ಲಾಳಿ ಕೈಗೆ ಕೊಟ್ಟರೆ ಅದರ ಬದಿಯ ಸಣ್ಣ ತೂತನ್ನು ನೋಡಿ. ಹೊಸ ಎಳೆಯನ್ನು ಆ ತೂತಿನಿಂದ ಬಾಯಲ್ಲಿ ಹೀರಿ ಹೊರಗೆಳೆಯುತ್ತಿದ್ದರು. ಒಂದೇ ಲಾಳಿ ಹಲವರ ಬಾಯಿಗೆ ಹೋಗುತ್ತಿತ್ತು, ರೋಗವೂ ಅದರ ಜೊತೆ.

ಕಾಲುವೆ_ದಂಡೆ
ಮ್ಯೂಸಿಯಂ ಮುಗಿಸಿ ಮತ್ತೆ ಕಾಲುವೆಗಿಳಿಯಿರಿ. ಕ್ಯಾಸಲ್‌ಫೀಲ್ಡ್‌ನಲ್ಲಿ ಬ್ರಿಡ್ಜ್‌ವಾಟರ್ ಕಾಲುವೆಗೆ ರೋಚ್‌ಡೇಲ್ ಕಾಲುವೆ ಕೂಡುವ ಜಾಗದಲ್ಲಿ 92 ಎಂಬ ಸಂಖ್ಯೆಯ ಲಾಕ್ (ದೋಣಿಯನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ, ಎರಡೂ ಕಡೆ ಕದವಿರುವ ಕಟ್ಟೆ) ಇದೆ, ಡ್ಯೂಕ್ಸ್ ಲಾಕ್ ಎನ್ನುತ್ತಾರೆ. ಅಲ್ಲಿಂದ ಡ್ಯೂಸಿ ಸ್ಟ್ರೀಟ್ ಬೇಸಿನ್‌ವರೆಗೆ ಒಂಬತ್ತು ಲಾಕ್. ನೀರಿನ ಮಟ್ಟ ಮೆಟ್ಟಿಲು ಮೆಟ್ಟಿಲಾಗಿ ಏರುತ್ತಾ ಹೋಗುತ್ತದೆ. ದೋಣಿ ಬಂದರೆ ಐದು ನಿಮಿಷ ನಿಂತು ನೋಡಿ: ಕೆಳಗಿನ ಕದ ಮುಚ್ಚಿ, ಮೇಲಿನ ಕಿಂಡಿ ತೆರೆದು ನೀರು ತುಂಬಿಸಿ, ಎರಡೂ ಕಡೆ ಮಟ್ಟ ಸಮವಾದ ಮೇಲಷ್ಟೇ ಮೇಲಿನ ಕದ ಅಲುಗಾಡುತ್ತದೆ. ಮುಂದೆ ನಡೆದರೆ ಆನ್‌ಕೋಟ್ಸ್. ರೆಡ್‌ಹಿಲ್ ಸ್ಟ್ರೀಟ್‌ನಲ್ಲಿ ಕಾಲುವೆಯ ಅಂಚಿಗೇ ಮರೀಸ್ ಮಿಲ್ಸ್, ರಾಯಲ್ ಮಿಲ್ ಸಾಲು ಸಾಲಾಗಿ ನಿಂತಿವೆ. ಮರೀಸ್ ಮಿಲ್ಸ್ ಕಟ್ಟಲು ಶುರುಮಾಡಿದ್ದು 1798ರಲ್ಲಿ. ಈಗ ಅವು ಮನೆಗಳು, ಕಚೇರಿಗಳು, ಹೊರಗಿನಿಂದ ನೋಡಬೇಕು.

ಪಿಕಡಿಲಿ ಹತ್ತಿರ ಕಾಲುವೆ ಕಟ್ಟಡಗಳ ಅಡಿಯಲ್ಲಿ ಹಾಯುವ ಕತ್ತಲ ಭಾಗಕ್ಕೆ ಕತ್ತಲಾದ ಮೇಲೆ ಹೋಗಬೇಡಿ, ಮೇಲಿನ ರಸ್ತೆ ಹಿಡಿಯಿರಿ. ಮೇ ತಿಂಗಳಲ್ಲಿ ರಾತ್ರಿ ಎಂಟೂವರೆ ದಾಟುವವರೆಗೂ ಬೆಳಕಿರುವುದರಿಂದ ಆತುರವಿಲ್ಲ. ದಂಡೆಯ ಕಲ್ಲು ಮಳೆಗೆ ಜಾರುತ್ತದೆ, ಹಿಡಿತವಿರುವ ಶೂ ಹಾಕಿ. ಕೊಡೆಗಿಂತ ತಲೆ ಮುಚ್ಚುವ ಮಳೆಕೋಟೇ ಮೇಲು. ಅಲ್ಲಿಯ ಮಳೆ ಜಡಿಮಳೆ, ಗಾಳಿಯ ಜೊತೆ ಅಡ್ಡಕ್ಕೆ ಬರುತ್ತದೆ.

ಗದಗ_ಅರಳಿ
ನಮ್ಮ ಕಡೆ ಹತ್ತಿ ಅಲ್ಲಿಗೆ ಹೋಗ್ತಿತ್ತು ಅಂತಾರಲ್ಲ, ಅದರ ಗುರುತು ಏನಾರ ಕಾಣಾಕ ಸಿಗತದೇನ್ರಿ?

ನೂಲಿನ_ಎಳೆ
ಸಿಗುತ್ತದೆ, ಎರಡು ಕಡೆ. ಮೊದಲನೆಯದು ಸೇಂಟ್ ಆ್ಯನ್ಸ್ ಸ್ಕ್ವೇರ್ ಪಕ್ಕದ ರಾಯಲ್ ಎಕ್ಸ್‌ಚೇಂಜ್. ಹತ್ತಿ, ನೂಲು, ಬಟ್ಟೆಯ ವ್ಯಾಪಾರ ಕುದುರುತ್ತಿದ್ದ ದೊಡ್ಡ ಸಭಾಂಗಣ. ವ್ಯಾಪಾರ 1968ರಲ್ಲಿ ನಿಂತಿತು, 1976ರಿಂದ ಅದರ ನಡುವೆ ರಂಗಮಂದಿರವಿದೆ. ನೆಲ ಭಾರ ತಾಳದೆಂದು ಇಡೀ ರಂಗಮಂದಿರವನ್ನು ಕಟ್ಟಡದ ನಾಲ್ಕು ದೊಡ್ಡ ಕಂಬಗಳಿಗೆ ತೂಗುಬಿಟ್ಟಿದ್ದಾರೆ. ಒಳಗೆ ನಿಂತು ತಲೆಯೆತ್ತಿ ಗೋಡೆಯ ಮೇಲ್ಭಾಗ ನೋಡಿ: ಕೊನೆಯ ದಿನದ ಧಾರಣೆ ಬರೆದ ಫಲಕ ಹಾಗೇ ಇದೆ. ರಂಗಮಂದಿರ ತೆರೆದಿರುವ ಹೊತ್ತಿನಲ್ಲಿ ಸಭಾಂಗಣಕ್ಕೆ ಹೋಗಲು ಟಿಕೆಟ್ ಬೇಡ.

ಧಾರವಾಡ ಸೀಮೆಯ ನಾಡಹತ್ತಿಗೆ ಅವರ ಮಾರುಕಟ್ಟೆಯಲ್ಲಿ ಕುಮಟಾ ಎಂದೇ ಹೆಸರು, ಹಡಗು ಹತ್ತುತ್ತಿದ್ದ ಬಂದರಿನಿಂದ ಬಂದದ್ದು. 1840ರ ದಶಕದಲ್ಲಿ ನ್ಯೂ ಆರ್ಲಿಯನ್ಸ್ ಬೀಜದಿಂದ ಬೆಳೆಸಿದ ತಳಿಗೆ ಧಾರವಾಡ್-ಅಮೆರಿಕನ್ ಎಂದು ಹೆಸರಾಯಿತು. 1861ರಿಂದ 1865ರವರೆಗೆ ಅಮೆರಿಕದ ಅಂತರ್ಯುದ್ಧದಲ್ಲಿ ಅಲ್ಲಿಯ ಹತ್ತಿ ನಿಂತಾಗ ಮ್ಯಾಂಚೆಸ್ಟರ್ ಸುತ್ತಲಿನ ಗಿರಣಿ ಸೀಮೆಯಾದ ಲ್ಯಾಂಕಾಶೈರ್ ನಮ್ಮ ಹತ್ತಿಗೆ ಕೈಚಾಚಿತು. ಉತ್ತರ ಕನ್ನಡ ಜಿಲ್ಲೆಯನ್ನು 1862ರಲ್ಲಿ ಮದ್ರಾಸ್ ಪ್ರಾಂತದಿಂದ ಮುಂಬಯಿಗೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರು ಬೇಕೆಂಬ ಮ್ಯಾಂಚೆಸ್ಟರ್ ವರ್ತಕರ ಒತ್ತಡವಿತ್ತು.

ಎರಡನೆಯದು ಡೀನ್ಸ್‌ಗೇಟ್ ಹತ್ತಿರದ ಲಿಂಕನ್ ಸ್ಕ್ವೇರ್. ಆ ಹತ್ತಿ ಬರದಲ್ಲಿ ಕೆಲಸ ಕಳೆದುಕೊಂಡಿದ್ದರೂ ಮ್ಯಾಂಚೆಸ್ಟರ್‌ನ ಕಾರ್ಮಿಕರು 1862ರ ಕೊನೆಯ ದಿನ ಸಭೆ ಸೇರಿ ಗುಲಾಮಗಿರಿಯ ವಿರುದ್ಧ ಲಿಂಕನ್ ಪರ ನಿಂತರು. ಜನವರಿ 19, 1863ರಂದು ಲಿಂಕನ್ ಬರೆದ ಉತ್ತರದ ಸಾಲುಗಳು ಪ್ರತಿಮೆಯ ಪೀಠದ ಮೇಲಿವೆ, ನಿಧಾನವಾಗಿ ಓದಿ. ಕೆಥೆಡ್ರಲ್ ಹೊರಗೆ 2019ರಲ್ಲಿ ನಿಲ್ಲಿಸಿದ ಗಾಂಧೀಜಿಯ ಪ್ರತಿಮೆಯೂ ಇದೆ. ಖಾದಿ ಚಳವಳಿಯಿಂದ ಪೆಟ್ಟುತಿಂದ ಲ್ಯಾಂಕಾಶೈರ್‌ನ ಗಿರಣಿ ಕಾರ್ಮಿಕರನ್ನು ಅವರು 1931ರಲ್ಲಿ ಡಾರ್ವೆನ್‌ಗೆ ಹೋಗಿ ಭೇಟಿಯಾಗಿದ್ದರು.

ಹೊಲದ_ಬದು
ಕೆಥೆಡ್ರಲ್‌ವರೆಗೆ ಹೋದವರು ಪಕ್ಕದ ಚೆಟಮ್ಸ್ ಗ್ರಂಥಾಲಯ ಬಿಡಬಾರದು. 1653ರಲ್ಲಿ ಸ್ಥಾಪನೆಯಾದದ್ದು, ಕಟ್ಟಡ 1421ರದ್ದು. 1845ರ ಬೇಸಿಗೆಯಲ್ಲಿ ಮಾರ್ಕ್ಸ್, ಎಂಗೆಲ್ಸ್ ಎದುರುಬದುರು ಕೂತು ಓದಿದ ಕಿಟಕಿಯ ಬಳಿಯ ಮೇಜು ಇನ್ನೂ ಇದೆ. ಒಳಗೆ ಮಾರ್ಗದರ್ಶಿಯ ಜೊತೆಗೇ ಹೋಗಬೇಕು, ಟಿಕೆಟ್ ಇದೆ, ಮೊದಲೇ ಕಾಯ್ದಿರಿಸಬೇಕು. ಇಡೀ ಪ್ರವಾಸದಲ್ಲಿ ದುಡ್ಡು ಕೊಟ್ಟು ನೋಡಲು ಒಂದೇ ಜಾಗ ಆರಿಸುವುದಾದರೆ ಇದನ್ನೇ ಆರಿಸಿ.

ಪೀಟರ್‌ಲೂ ಸ್ಮಾರಕ ಮ್ಯಾಂಚೆಸ್ಟರ್ ಸೆಂಟ್ರಲ್ ಸಭಾಭವನದ ಮುಂದಿದೆ. ಆಗಸ್ಟ್ 16, 1819ರಂದು ಮತದಾನದ ಹಕ್ಕು ಕೇಳಿ ಸೇರಿದ್ದ ಜನರ ಮೇಲೆ ಕುದುರೆಪಡೆ ನುಗ್ಗಿದ ಜಾಗ. ಸತ್ತವರ ಹೆಸರು, ಅವರು ಯಾವ ಊರುಗಳಿಂದ ನಡೆದು ಬಂದರು ಎಂಬುದು ಮೆಟ್ಟಿಲುಗಳ ಮೇಲೆ ಕೆತ್ತಿದೆ. ಬುಧವಾರ ಜನತಾ ಇತಿಹಾಸ ಮ್ಯೂಸಿಯಂಗೆ ಹೋಗುವ ಮೊದಲು ಇದನ್ನು ನೋಡಿ ಹೋದರೆ ಅಲ್ಲಿಯ ಕಾರ್ಮಿಕ ಸಂಘಗಳ ಬಟ್ಟೆ ಬ್ಯಾನರ್‌ಗಳು ಬೇರೆಯೇ ಆಗಿ ಕಾಣುತ್ತವೆ.

ಬುತ್ತಿ_ಗಂಟು
ಊಟದ ವಿಚಾರ. ನಾರ್ದರ್ನ್ ಕ್ವಾರ್ಟರ್‌ನ ಸೋಪ್ ಸ್ಟ್ರೀಟ್‌ನಲ್ಲಿ ದಿಸ್ ಆ್ಯಂಡ್ ದಟ್ ಎಂಬ ಹಳೆಯ ಊಟದ ಮನೆ ಇದೆ. ಅನ್ನದ ಮೇಲೆ ಮೂರು ಪಲ್ಯ ಹಾಕಿ ಒಂದೇ ತಟ್ಟೆಯಲ್ಲಿ ಕೊಡುತ್ತಾರೆ, ಮೂರೂ ತರಕಾರಿ, ಬೇಳೆಯದೇ ಇರಲಿ ಎಂದು ಹೇಳಬಹುದು. ಪಿಕಡಿಲಿಯ ಬಂಡೋಬಸ್ಟ್ ಪೂರ್ತಿ ಶಾಕಾಹಾರಿ, ಗುಜರಾತಿ ತಿಂಡಿಗಳು. ರಷೋಮ್‌ನ ಕರಿ ಮೈಲ್ ಹೆಸರುವಾಸಿ, ಆದರೆ ಅಲ್ಲಿ ಮಾಂಸದ್ದೇ ಹೆಚ್ಚು. ಶಾಕಾಹಾರಿಗಳಿಗೆ ಫಲಾಫೆಲ್ ರೋಲ್ ಅಗ್ಗ.

ಮಧ್ಯಾಹ್ನಕ್ಕೆ ಸೂಪರ್‌ಮಾರ್ಕೆಟ್‌ನ ಮೀಲ್ ಡೀಲ್ ಸಾಕು: ಸ್ಯಾಂಡ್‌ವಿಚ್, ಕುರುಕಲು, ಪಾನೀಯ ಸೇರಿ ಒಂದೇ ದರ. ಟೆಸ್ಕೊದಲ್ಲಿ ಕ್ಲಬ್‌ಕಾರ್ಡ್ ಇದ್ದರೇ ಅಗ್ಗದ ದರ, ಅದು ಉಚಿತ. ಪೊಟ್ಟಣದ ಮೇಲೆ ಶಾಕಾಹಾರಿ ಎಂಬ ಗುರುತು ಇದೆಯೇ ನೋಡಿ. ಚೀಸ್‌ನಲ್ಲಿ ಕರುವಿನ ಹೊಟ್ಟೆಯ ರೆನೆಟ್, ಮಿಠಾಯಿ ಮತ್ತು ಮೊಸರಿನ ಸಿಹಿಯಲ್ಲಿ ಪ್ರಾಣಿಗಳ ಮೂಳೆ, ಚರ್ಮದ ಜೆಲಾಟಿನ್ ಇರಬಹುದು. ಸಂಜೆ ಏಳರ ನಂತರ ಹಳದಿ ಚೀಟಿ ಅಂಟಿಸಿದ ಬ್ರೆಡ್, ಹಣ್ಣು ಅರ್ಧ ಬೆಲೆಗೂ ಸಿಗುತ್ತವೆ. ನಲ್ಲಿ ನೀರನ್ನು ಧೈರ್ಯವಾಗಿ ಕುಡಿಯಿರಿ.

ಅವಲಕ್ಕಿ, ಚಟ್ನಿಪುಡಿ, ಉಪ್ಪಿಟ್ಟಿನ ಪ್ಯಾಕೆಟ್ ಊರಿನಿಂದಲೇ ತನ್ನಿ, ಹಾಸ್ಟೆಲ್ಲಿನ ಒಲೆ ಇದೆಯಲ್ಲ. ಆದರೆ ಭಾರತದಿಂದ ಬರುವವರು ಹಾಲಿನ ಪದಾರ್ಥ, ಮಾಂಸ ಒಯ್ಯುವಂತಿಲ್ಲ. ಅದರಿಂದ ಪೇಢೆ, ತುಪ್ಪ ಎರಡೂ ಬೇಡ, ವಿಮಾನ ನಿಲ್ದಾಣದಲ್ಲೇ ತೆಗೆದು ಬಿಸಾಡುತ್ತಾರೆ.

ಗದಗ_ಅರಳಿ
ಧಾರವಾಡ ಪೇಢೆ ಚೀಲದಾಗಿಂದ ತಗದೆ. ಇನ್ನ ಮಂಗಳವಾರದ್ದು ಒಂದೇ ಉಳೀತು. ಸ್ಟೈಯಲ್ ಊರಿನ ಕ್ವಾರಿ ಬ್ಯಾಂಕ್ ಗಿರಣಿಗೆ ಹೋಗೋದೋ, ರೋಚ್‌ಡೇಲ್‌ಗೋ?

ಹಳಿ_ಹಾದಿ
ಕ್ವಾರಿ ಬ್ಯಾಂಕ್ 1784ರ ಗಿರಣಿ. ದೊಡ್ಡ ನೀರಿನ ಚಕ್ರ, ಅನಾಥ ಮಕ್ಕಳನ್ನು ಕೆಲಸಕ್ಕಿಟ್ಟುಕೊಂಡಿದ್ದ ಮನೆ ಎಲ್ಲವೂ ಉಳಿದಿವೆ. ಆದರೆ ಅದನ್ನು ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಯ ಟಿಕೆಟ್ ಇಬ್ಬರಿಗೆ ನಿಮ್ಮ ಒಂದು ದಿನದ ಊಟ, ಓಡಾಟದ ಖರ್ಚನ್ನು ಮೀರುತ್ತದೆ, ಸ್ಟೈಯಲ್‌ಗೆ ರೈಲೂ ವಿರಳ. ಯಂತ್ರಗಳನ್ನು ಸೋಮವಾರವೇ ಉಚಿತವಾಗಿ ನೋಡಿರುತ್ತೀರಿ.

ಗದಗಿನವರು ರೋಚ್‌ಡೇಲ್‌ಗೇ ಹೋಗಬೇಕು. ಡಿಸೆಂಬರ್ 21, 1844ರಂದು ಅಲ್ಲಿಯ ಟೋಡ್ ಲೇನ್‌ನಲ್ಲಿ 28 ಜನ ಸೇರಿ ಹಿಟ್ಟು, ಬೆಣ್ಣೆ, ಸಕ್ಕರೆ, ಓಟ್ಸ್ ಮಾರುವ ಸಹಕಾರಿ ಅಂಗಡಿ ತೆರೆದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಒಬ್ಬ ಸದಸ್ಯನಿಗೆ ಒಂದೇ ಮತ, ಕೊಂಡಷ್ಟಕ್ಕೆ ತಕ್ಕಂತೆ ಲಾಭದ ಪಾಲು. ಅಲ್ಲಿ ಶುರುವಾದ ಆ ಪದ್ಧತಿ 1905ರಲ್ಲಿ ನಿಮ್ಮ ಜಿಲ್ಲೆಯ ಕಣಗಿನಹಾಳದ ಕೃಷಿ ಪತ್ತಿನ ಸಂಘದವರೆಗೆ ಬಂತು. ಅಂಗಡಿ ಈಗ ಮ್ಯೂಸಿಯಂ, ತೆರೆದಿರುವ ದಿನ ಮತ್ತು ಟಿಕೆಟ್ ದರ ನೋಡಿಕೊಳ್ಳಿ. ಆ ಮಂಗಳವಾರ ಮುಚ್ಚಿದ್ದರೆ ಬುಧವಾರ ಬೆಳಗ್ಗೆಗೆ ಬದಲಿಸಿ, ಆರ್ಟ್ ಗ್ಯಾಲರಿಗೆ ಮಂಗಳವಾರ ಪೂರ್ತಿ ಕೊಡಿ.

ಟ್ರಾಮಿನಲ್ಲಿ ರೋಚ್‌ಡೇಲ್‌ಗೆ ಹೋಗಬೇಡಿ, ಓಲ್ಡಮ್ ಸುತ್ತಿ ಒಂದು ಗಂಟೆ ಹತ್ತಿರ ತೆಗೆದುಕೊಳ್ಳುತ್ತದೆ. ವಿಕ್ಟೋರಿಯಾ ನಿಲ್ದಾಣದಿಂದ ರೈಲಾದರೆ ಇಪ್ಪತ್ತು ನಿಮಿಷದೊಳಗೆ ಇಳಿಯುತ್ತೀರಿ. ಬೆಳಗ್ಗೆ 9.30ರ ಮೇಲೆ ಹೊರಡಿ, ಹೋಗಿ ಬರುವ ಟಿಕೆಟ್ ಒಟ್ಟಿಗೆ ತೆಗೆಯಿರಿ, ಎರಡು ಬಿಡಿ ಟಿಕೆಟ್‌ಗಿಂತ ಕಡಿಮೆ ಬೀಳುತ್ತದೆ. ಬುಧವಾರ ಸಾಮಾನನ್ನು ಹಾಸ್ಟೆಲ್ಲಿನಲ್ಲೇ ಬಿಟ್ಟು ಹೋಗಿ, ರೈಲ್ವೆ ನಿಲ್ದಾಣದ ಲಗೇಜ್ ಕೋಣೆಗೆ ಕೊಡುವ ಹಣದಲ್ಲಿ ಇಬ್ಬರ ಊಟವಾಗುತ್ತದೆ.

ಗದಗ_ಅರಳಿ
ಕಣಗಿನಹಾಳ ನಮ್ಮೂರಿಂದ ಭಾಳ ದೂರ ಇಲ್ಲರಿ. ರೋಚ್‌ಡೇಲ್‌ಗೇ ಹೋಗ್ತೀವಿ. ಪಂದ್ಯದ ಪಟ್ಟಿ ನೋಡಿದೆ, ಮೇ ಎರಡನೇ ಭಾನುವಾರಕ್ಕ ಕೋಣಿ ಹುಡುಕ್ಲಿಕ್ಕೆ ಹತ್ತೀನಿ.